ಮಾಗೂರು ಮೀನಿನ ಪ್ರಭೇದನಿರ್ಣಯ

ಸಿಹಿನೀರಿನ ಮೀನುಗಳಲ್ಲಿ ಮೀಸೆಮೀನುಗಳ ಗಣವು ಬಹು ವಿಸ್ತಾರವಾದುದು. ಬಾಯಿಯ ಸುತ್ತ ಬೆಕ್ಕಿನ ಮೀಸೆಯಂತೆ ನೀಳವಾದ ಎಳೆಗಳನ್ನು ಹೊಂದಿ, ಮೈಮೇಲೆ ಹುರುಪೆಯಿಲ್ಲದೆ ನುಣುಪಾಗಿರುವ ಈ ಮೀನುಗಳಲ್ಲಿ ಸುಮಾರು ೪,೦೦೦ ಪ್ರಭೇದಗಳು ಇದುವರೆಗೆ ವರ್ಣಿತವಾಗಿವೆ. ಕೆಲವು ಕಡಲಿನಲ್ಲಿ ವಾಸಿಸುವುವಾದರೂ ಹೆಚ್ಚಿನವು ಹೊಳೆ, ಕೆರೆ, ಜೌಗುಗಳಲ್ಲಿಯೇ ಇರತಕ್ಕವು. ಕನ್ನಡನಾಡಿನವರು ಬಲ್ಲ ಬಾಳೆಮೀನು, ಗಿರ್ಲು, ಚೇಳುಮೀನು ಇವೆಲ್ಲವೂ ಈ ಗಣಕ್ಕೆ ಸೇರಿದವು. ಇವುಗಳಲ್ಲಿ ಉತ್ತರಹಿಂದೂಸ್ಥಾನದಲ್ಲಿಯೂ ಬಂಗಾಳದಲ್ಲಿಯೂ ಮಾಗೂರು ಅಥವಾ ಮಂಗೂರು ಎಂದು ಪ್ರಸಿದ್ಧವಾಗಿರುವ ಮೀನೊಂದರ ವಿಷಯದಲ್ಲಿ ಶಾಸ್ತ್ರಜ್ಞರಿಗೆ ಬಹುಕಾಲ ಒದಗಿದ್ದ ತೊಡಕು ಬಹು ವಿಚಿತ್ರವಾದುದು. ಪೇಟೆಯಲ್ಲಿ ಮಾರುವವನಿಗೂ ಕೊಳ್ಳುವವನಿಗೂ ಯಾವ ಸಂದೇಹವೂ ಇಲ್ಲದಿದ್ದ ಈ ಮೀನು, ೨೦ನೆಯ ಶತಮಾನದ ಬಹುಭಾಗದಲ್ಲಿ ವಿದ್ವದ್ಗ್ರಂಥಗಳಲ್ಲಿ ತನ್ನದಲ್ಲದ ಹೆಸರಿನಿಂದ ವ್ಯವಹೃತವಾಯಿತು. ಆ ಹೆಸರು ಜಾವಾದ್ವೀಪದ ಬೇರೊಂದು ಮೀನಿಗೆ ಸಲ್ಲತಕ್ಕದ್ದೆಂದು ನಿರ್ಣಯವಾದುದು ೨೦೦೮ರಲ್ಲಿ. ಈ ನಿರ್ಣಯವು ಹೇಗೆ ನಡೆಯಿತು, ಅದರಿಂದ ಆಗುವ ಪ್ರಯೋಜನವೇನು ಎಂಬುದು ಇಲ್ಲಿಯ ವಿಷಯ.

ಮೊದಲು ಮೀನಿನ ಸ್ವರೂಪವನ್ನು ತಿಳಿಯುವುದು ಅವಶ್ಯ. ಮಾಗೂರು ಕ್ಲೇರಿಯಾಸ್ ಎಂಬ ಕುಲಕ್ಕೆ ಸೇರಿದುದು. ಇದರ ತಲೆಯು ಮೇಲಿನಿಂದ ಒತ್ತಿದಂತೆ ಚಪ್ಪಟೆಯಾಗಿ, ಗಟ್ಟಿಯಾದ ಎಲುಬಿನ ಫಲಕಗಳಿಂದ ಮುಚ್ಚಲ್ಪಟ್ಟಿದೆ. ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಬೆನ್ನಿನ ರೆಕ್ಕೆಯು ತಲೆಯ ಹಿಂಭಾಗದಿಂದ ಮೊದಲಾಗಿ ಬಾಲದ ಬುಡದವರೆಗೂ ಉದ್ದಕ್ಕೆ ಹಬ್ಬಿದೆ, ಅದರಲ್ಲಿ ಮುಳ್ಳಿಲ್ಲ. ಎದೆಯ ರೆಕ್ಕೆಗಳಿಗೆ ಮಾತ್ರ ಒಂದೊಂದು ಬಲವಾದ ಮುಳ್ಳುಂಟು. ಕಿವಿರುಗಳ ಮೇಲ್ಭಾಗದ ಗೂಡಿನಲ್ಲಿ ಸಣ್ಣ ಗಿಡದ ಕೊಂಬೆಗಳಂತೆ ಕವಲೊಡೆದ, ರಕ್ತನಾಳಗಳಿಂದ ತುಂಬಿದ ಅಂಗವೊಂದಿದ್ದು, ಅದರ ಸಹಾಯದಿಂದ ಈ ಮೀನು ಗಾಳಿಯನ್ನೇ ನೇರವಾಗಿ ಉಸಿರಾಡುತ್ತದೆ. ಆದಕಾರಣವೇ ನೀರು ಕೊಳೆತು ನಾರುವ ಹೊಂಡದಲ್ಲಿಯೂ ಅದು ಬದುಕಬಲ್ಲುದು. ಮಳೆಯ ರಾತ್ರಿಗಳಲ್ಲಿ ಎದೆಯ ಮುಳ್ಳುಗಳನ್ನು ನೆಲಕ್ಕೂರಿ, ಮೈಯನ್ನು ಬಳುಕಿಸುತ್ತ ಒಂದು ಹೊಂಡದಿಂದ ಮತ್ತೊಂದಕ್ಕೆ ಸಾಗಬಲ್ಲುದು. ಚೇಳುಮೀನು ಸಹ ಗಾಳಿಯನ್ನು ಉಸಿರಾಡತಕ್ಕದ್ದೇ. ಆದರೆ ಅದರ ಬೆನ್ನಿನ ರೆಕ್ಕೆ ಅತಿ ಚಿಕ್ಕದು, ಮತ್ತು ಅದರ ಉಸಿರಿನ ಅಂಗವು ಕವಲುಕವಲಾಗಿರದೆ ಬೆನ್ನಿನ ಉದ್ದಕ್ಕೆ ಚಾಚಿದ ಚೀಲದಂತಿದೆ. ಇವೆರಡನ್ನೂ ಬೇರ್ಪಡಿಸುವುದು ಮಕ್ಕಳಿಗೂ ಸಾಧ್ಯ. ಕಷ್ಟವಿರುವುದು ಕ್ಲೇರಿಯಾಸ್ ಕುಲದೊಳಗಿನ ಪ್ರಭೇದಗಳನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ.

ಈ ಕಷ್ಟಕ್ಕೆ ಮುಖ್ಯ ಕಾರಣವು ಹುರುಪೆಗಳಿಲ್ಲದಿರುವುದೇ ಆಗಿದೆ. ಗೆಂಡೆ ಮೊದಲಾದ ಮೀನುಗಳಲ್ಲಿ ಪ್ರಭೇದವನ್ನು ನಿರ್ಣಯಿಸುವವರು ಪಕ್ಕೆಯ ಗೆರೆಯುದ್ದಕ್ಕೆ ಎಷ್ಟು ಹುರುಪೆಗಳಿವೆ, ಆ ಗೆರೆಗೂ ಬೆನ್ನಿಗೂ ನಡುವೆ ಎಷ್ಟು ಸಾಲುಗಳಿವೆ ಎಂಬುದನ್ನು ಎಣಿಸುವರು. ಎಣಿಕೆಯು ಮೀನು ಚಿಕ್ಕದಾಗಲಿ ದೊಡ್ಡದಾಗಲಿ ಹೆಚ್ಚು ಬದಲಾಗದು. ಮದ್ಯಸಾರದಲ್ಲಿ ನೂರು ವರ್ಷವಿಟ್ಟರೂ ಮಾಸದು. ಮೀಸೆಮೀನುಗಳಲ್ಲಿ ಈ ಸೌಕರ್ಯವಿಲ್ಲ. ಉಳಿಯುವುದು ಅಳತೆಗಳು: ತಲೆಯ ಉದ್ದಕ್ಕೂ ಮೈಯುದ್ದಕ್ಕೂ ಇರುವ ಪ್ರಮಾಣ, ತಲೆಬುರುಡೆಯ ಹಿಂತುದಿಯಿಂದ ಬೆನ್ನಿನ ರೆಕ್ಕೆಯ ಆರಂಭಕ್ಕಿರುವ ದೂರ, ನೆತ್ತಿಯ ಎಲುಬುಗಳ ನಡುವೆ ಬಿಟ್ಟಿರುವ ಸಂದಿನ ಆಕಾರ, ಎದೆಯ ಮುಳ್ಳಿನ ಅಂಚಿನಲ್ಲಿರುವ ಗರಗಸದ ಹಲ್ಲುಗಳು, ರೆಕ್ಕೆಯ ಕಡ್ಡಿಗಳ ಸಂಖ್ಯೆ. ಇವುಗಳಲ್ಲಿ ಹಲವು ವಯಸ್ಸಿನೊಡನೆ ಬದಲಾಗತಕ್ಕವು. ಕಡ್ಡಿಗಳ ಸಂಖ್ಯೆಯಾದರೋ ಒಂದೇ ಪ್ರಭೇದದೊಳಗೆ ಹತ್ತಕ್ಕೂ ಹೆಚ್ಚು ವ್ಯತ್ಯಾಸವಾಗುವುದುಂಟು. ಬಣ್ಣವನ್ನು ನಂಬುವುದಂತೂ ಸಾಧ್ಯವೇ ಇಲ್ಲ. ಕೆಸರುನೀರಿನಲ್ಲಿ ಬೆಳೆದ ಮೀನು ಒಂದು ಬಗೆಯಾದರೆ ತಿಳಿನೀರಿನಲ್ಲಿ ಬೆಳೆದುದು ಮತ್ತೊಂದು ಬಗೆ, ಜಾಡಿಯಲ್ಲಿಟ್ಟುದು ಮೂರನೆಯ ಬಗೆ. ಹೀಗಿರಲು ಹಿಂದಿನ ಪಂಡಿತರಲ್ಲಿ ಕೆಲವರು ಚಿಕ್ಕ ವ್ಯತ್ಯಾಸಗಳನ್ನು ಹಿಡಿದು ಅನೇಕ ಪ್ರಭೇದಗಳನ್ನು ಕಲ್ಪಿಸಿದುದೂ, ಮತ್ತೆ ಕೆಲವರು ಅವೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ಕೂಡಿಸಿದುದೂ ಆಶ್ಚರ್ಯವಲ್ಲ.

ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು ತನ್ನ ‘ಸಿಸ್ಟೆಮಾ ನಾಚುರೇ’ ಎಂಬ ಗ್ರಂಥದ ೧೦ನೆಯ ಆವೃತ್ತಿಯನ್ನು ೧೭೫೮ರಲ್ಲಿ ಪ್ರಕಟಿಸಿದನು. ಪ್ರಾಣಿಗಳಿಗೆ ಎರಡು ಪದಗಳ ಶಾಸ್ತ್ರೀಯ ನಾಮವನ್ನಿಡುವ ಪದ್ಧತಿಯು ಈ ಆವೃತ್ತಿಯಿಂದಲೇ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಹಿಂದಿನ ಯಾವ ಹೆಸರಿಗೂ ಮಾನ್ಯತೆಯಿಲ್ಲ. ಅದರಲ್ಲಿ ಸೈಲ್ಯೂರಸ್ ಬಟ್ರಾಕಸ್ ಎಂಬ ಮೀನೊಂದು ಬರುತ್ತದೆ. ಬಟ್ರಾಕಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕಪ್ಪೆ. ವರ್ಣನೆಯು ಕೆಲವೇ ಪದಗಳದು. ವಾಸಸ್ಥಾನದ ವಿಷಯದಲ್ಲಿ ಏಷಿಯಾ, ಆಫ್ರಿಕ ಎಂಬ ಎರಡು ಖಂಡಗಳ ಹೆಸರುಗಳ ಹೊರತು ಮತ್ತೇನೂ ಇಲ್ಲ. ಲಿನ್ನೇಯಸನ ಕಾಲಕ್ಕೆ ಇದು ಸಾಲುತ್ತಿತ್ತು. ಲೋಕದಲ್ಲಿ ಇಂಥ ಮೀನು ಒಂದೇ ಇದೆಯೆಂದು ಭಾವಿಸಿದವನಿಗೆ ಅದನ್ನು ಬೇರೆಯವುಗಳಿಂದ ಬಿಡಿಸಿ ಹೇಳುವ ಅವಶ್ಯಕತೆಯಿರಲಿಲ್ಲ. ಮುಂದೆ ಏಷಿಯಾ ಆಫ್ರಿಕಗಳಲ್ಲಿ ಇಂಥ ಪ್ರಭೇದಗಳು ಹತ್ತಾರು ಇವೆಯೆಂದು ತಿಳಿದ ಮೇಲೆ, ಲಿನ್ನೇಯಸನ ಮಾತು ಅವುಗಳಲ್ಲಿ ಹಲವಕ್ಕೆ ಸಮನಾಗಿ ಒಪ್ಪುವಂತಾಯಿತು. ಕ್ಲೇರಿಯಾಸ್ ಎಂಬ ಕುಲನಾಮವನ್ನು ಸ್ಕೊಪೋಲಿ ಎಂಬವನು ೧೭೭೭ರಲ್ಲಿ ಬಳಕೆಗೆ ತಂದನು. ಹೀಗೆ ಮೊದಲಿನ ಸೈಲ್ಯೂರಸ್ ಬಟ್ರಾಕಸ್ ಮುಂದೆ ಕ್ಲೇರಿಯಾಸ್ ಬಟ್ರಾಕಸ್ ಆಯಿತು.

ನಾಮಕರಣದ ನಿಯಮಗಳನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಪ್ರಾಣಿಯ ಶಾಸ್ತ್ರೀಯ ನಾಮವು ವರ್ಣನೆಗೆ ಅಂಟಿಕೊಂಡುದಲ್ಲ, ಒಂದು ಮಾದರಿಗೆ ಅಂಟಿಕೊಂಡುದು. ಹೊಸ ಪ್ರಭೇದವನ್ನು ವರ್ಣಿಸುವವನು ಒಂದು ನಿರ್ದಿಷ್ಟವಾದ ಮೀನನ್ನು ಮೂಲಮಾದರಿಯೆಂದು ಗೊತ್ತುಮಾಡಿ, ಅದನ್ನು ವಸ್ತುಸಂಗ್ರಹಾಲಯದಲ್ಲಿಡುವನು. ಮುಂದೆ ಎಂದಾದರೂ ವಿವಾದವುಂಟಾದರೆ ಆ ಜಾಡಿಯನ್ನು ತೆರೆದು ನೋಡಿದರಾಯಿತು. ವರ್ಣನೆಯಲ್ಲಿ ತಪ್ಪಿದ್ದರೂ ಮಾದರಿಯು ತಪ್ಪಲಾರದು. ಎರಡನೆಯ ನಿಯಮವು ಅಗ್ರಾಧಿಕಾರದ್ದು. ಒಂದೇ ಪ್ರಾಣಿಗೆ ಇಬ್ಬರು ಬೇರೆಬೇರೆ ಹೆಸರಿಟ್ಟಿದ್ದರೆ ಮೊದಲು ಪ್ರಕಟವಾದುದೇ ಊರ್ಜಿತವಾಗುವುದು. ಮೂಲಮಾದರಿಯು ಕಳೆದುಹೋಗಿ, ಅದಿಲ್ಲದೆ ಹೆಸರಿನ ಅರ್ಥವು ನಿಲ್ಲದಿದ್ದಲ್ಲಿ, ಮುಂದಿನವರು ಸಕಾರಣವಾಗಿ ನವಮಾದರಿಯೊಂದನ್ನು ನೇಮಿಸಲು ಅವಕಾಶವುಂಟು. ದಾನಪತ್ರದ ಮೂಲ ತಾಮ್ರಶಾಸನವು ಕಳೆದಾಗ ಸಾಕ್ಷ್ಯಗಳನ್ನು ಪರೀಕ್ಷಿಸಿ ಹೊಸ ಶಾಸನವನ್ನು ಕೊರೆಸಿಕೊಡುತ್ತಿದ್ದ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಲಿನ್ನೇಯಸನ ಕಾಲದಲ್ಲಿ ಈ ನಿಯಮಗಳಾವುವೂ ಇರಲಿಲ್ಲವಾದ್ದರಿಂದ ಬಟ್ರಾಕಸ್ ಎಂಬುದಕ್ಕೆ ಮಾದರಿಯನ್ನು ಅವನು ಗೊತ್ತುಮಾಡಿರಲಿಲ್ಲ.

ಭಾರತದ ಮೀನಿಗೆ ಪ್ರತ್ಯೇಕವಾದ ಶಾಸ್ತ್ರೀಯ ನಾಮವನ್ನಿಟ್ಟವನು ಫ್ರಾನ್ಸಿಸ್ ಬುಕನನ್. ತರುವಾಯ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನೂ ಧರಿಸಿದ ಈ ಸ್ಕಾಟ್ಲೆಂಡಿನ ವೈದ್ಯನು ಕನ್ನಡಿಗರಿಗೆ ಅಪರಿಚಿತನಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ ೧೮೦೦–೧೮೦೧ರಲ್ಲಿ ಮೈಸೂರು, ಕನ್ನಡಜಿಲ್ಲೆ, ಮಲೆಯಾಳಗಳನ್ನು ಸುತ್ತಿ ಅವನು ಬರೆದ ಪ್ರವಾಸವೃತ್ತಾಂತವು ೧೮೦೭ರಲ್ಲಿ ಪ್ರಕಟವಾಗಿ, ಆ ಕಾಲದ ಬೇಸಾಯ, ಕಸಬು, ತೆರಿಗೆಗಳನ್ನು ಅರಿಯಬಯಸುವವರಿಗೆ ಇಂದಿಗೂ ಆಧಾರವಾಗಿದೆ. ಅದೇ ಮನುಷ್ಯನು ೧೮೦೭ರಿಂದ ೧೮೧೪ರವರೆಗೆ ಬಂಗಾಳ ಬಿಹಾರಗಳನ್ನು ಮೋಜಣಿ ಮಾಡುತ್ತಿರುವಾಗ ಗಂಗಾನದಿಯ ಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆದಿಟ್ಟನು. ದೇಶೀಯ ಚಿತ್ರಕಾರರಿಂದ ಚಿತ್ರಗಳನ್ನೂ ಬರೆಯಿಸಿದನು. ೧೮೧೫ರಲ್ಲಿ ಸ್ವದೇಶಕ್ಕೆ ಹೊರಟಾಗ ಆ ಚಿತ್ರಗಳನ್ನು ಸರಕಾರವು ಕಲ್ಕತ್ತೆಯಲ್ಲಿಯೇ ನಿಲ್ಲಿಸಿಕೊಂಡಿತು. ತನ್ನಲ್ಲಿ ಉಳಿದ ಟಿಪ್ಪಣಿಗಳನ್ನೂ ಕೆಲವು ಚಿತ್ರಗಳನ್ನೂ ಆಧರಿಸಿ ೧೮೨೨ರಲ್ಲಿ ಎಡಿನ್‌ಬರೊ ನಗರದಲ್ಲಿ ಅವನು ಗಂಗೆಯ ಮೀನುಗಳ ಗ್ರಂಥವನ್ನು ಪ್ರಕಟಿಸಿದನು.

ಬುಕನನ್ನನ ಗ್ರಂಥದಲ್ಲಿ ಮೆಚ್ಚತಕ್ಕ ಅಂಶವೊಂದುಂಟು. ಯೂರೋಪಿನ ಇತರ ಪಂಡಿತರಂತೆ ಲ್ಯಾಟಿನ್ ಗ್ರೀಕ್ ಪದಗಳನ್ನೇ ಹುಡುಕುತ್ತ ಕೂರದೆ, ಬೆಸ್ತರು ಹೇಳಿದ ಹೆಸರನ್ನೇ ಅವನು ಬಹುಕಡೆ ಶಾಸ್ತ್ರನಾಮವಾಗಿ ಮಾಡಿದನು. ರೋಹು ರೋಹಿತವಾಯಿತು, ಕಾಟ್ಲ ಕಾಟ್ಲವಾಗಿಯೇ ಉಳಿಯಿತು, ಟೆಂಗರ ಟೆಂಗರವಾಯಿತು. ಮಾಗೂರನ್ನು ಅವನು ಮ್ಯಾಕ್ರೊಪ್ಟರೊನೋಟಸ್ ಮಾಗುರ್ ಎಂದು ಕರೆದನು. ಕುಲನಾಮವು ಮುಂದೆ ಕ್ಲೇರಿಯಾಸ್ ಎಂದು ಬದಲಾಯಿತು, ಪ್ರಭೇದನಾಮವು ಬೆಸ್ತರದೇ. ಆದರೆ ಮಾದರಿಗಳನ್ನು ಕಾದಿಡುವ ವಿಷಯದಲ್ಲಿ ಅವನೂ ತನ್ನ ಕಾಲದವನೇ. ಅವನು ಕಂಡ ಮಾಗೂರು ಯಾವ ಜಾಡಿಯಲ್ಲಿಯೂ ಉಳಿದಿಲ್ಲ. ಕಲ್ಕತ್ತೆಯಲ್ಲಿ ಉಳಿದ ಚಿತ್ರಗಳ ಬೆಲೆಯು ಇದರಿಂದಲೇ ಹೆಚ್ಚಿತು. ಸುಂದರಲಾಲ್ ಹೋರಾ ಎಂಬ ಮತ್ಸ್ಯಶಾಸ್ತ್ರಜ್ಞರು ೧೯೨೯ರಲ್ಲಿ ಬುಕನನ್ನನ ಗ್ರಂಥವನ್ನು ಓದುವವರಿಗೆ ನೆರವಾಗುವಂತೆ ಒಂದು ಪ್ರಬಂಧವನ್ನು ಪ್ರಕಟಿಸಿ ಈ ಚಿತ್ರಗಳ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು.

ಬುಕನನ್ನನ ತರುವಾಯ ಹೆಸರುಗಳು ಬೆಳೆದುವು. ೧೮೪೦ರಲ್ಲಿ ಪ್ಯಾರಿಸಿನ ವ್ಯಾಲೆನ್ಸಿಯೆನ್ ಪಂಡಿತನು ಡುಸುಮಿಯೇ ಎಂಬ ನಾವಿಕ ವರ್ತಕನು ತಂದುಕೊಟ್ಟ ದಕ್ಷಿಣಹಿಂದೂಸ್ಥಾನದ ಮೀನಿಗೆ ಕ್ಲೇರಿಯಾಸ್ ಡುಸುಮಿಯೇರಿ ಎಂದು ಹೆಸರಿಟ್ಟನು. ಮದರಾಸಿನ ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ ೧೮೭೫–೧೮೭೮ರಲ್ಲಿ ಪ್ರಕಟಿಸಿದ ಭಾರತದ ಮೀನುಗಳ ಮಹಾಗ್ರಂಥದಲ್ಲಿ ಉತ್ತರದ ಮೀನಿಗೆ ಮಾಗುರ್ ಎಂಬ ಹೆಸರನ್ನೇ ಬಳಸಿದನು. ಇಲ್ಲಿಯವರೆಗೆ ದಾರಿಯು ನೇರವಾಗಿಯೇ ಇತ್ತೆನ್ನಬಹುದು. ೨೦ನೆಯ ಶತಮಾನದಲ್ಲಿ ಮಾತ್ರ ಭಾರತದಿಂದ ಮೊದಲಾಗಿ ಸಯಾಮು, ಮಲಯ, ಜಾವಾ, ಫಿಲಿಪೈನ್ ದ್ವೀಪಗಳವರೆಗೆ ಇರುವ ಒಂದೇ ಚಹರೆಯ ಮೀನುಗಳೆಲ್ಲವೂ ಒಂದೇ ಪ್ರಭೇದವೆಂಬ ಅಭಿಪ್ರಾಯವು ಬಲವಾಯಿತು. ಒಂದೇ ಆದಮೇಲೆ ಅಗ್ರಾಧಿಕಾರದ ನಿಯಮದಂತೆ ೧೮೨೨ರ ಮಾಗುರ್ ಎಂಬುದು ೧೭೫೮ರ ಬಟ್ರಾಕಸ್ ಎಂಬುದಕ್ಕೆ ಸ್ಥಳವನ್ನು ಬಿಟ್ಟುಕೊಡಲೇಬೇಕು. ಹೀಗೆ ಬೆಸ್ತರ ಹೆಸರು ಪುಸ್ತಕಗಳಿಂದ ಮರೆಯಾಯಿತು. ಭಾರತದ ಪ್ರಯೋಗಶಾಲೆಗಳಲ್ಲಿ ಗಾಳಿಯ ಉಸಿರಾಟವನ್ನೂ, ನೀರಿಲ್ಲದಾಗ ಮೈಯೊಳಗಿನ ಅಮೋನಿಯವನ್ನು ಯೂರಿಯವಾಗಿ ಮಾರ್ಪಡಿಸುವ ಕ್ರಮವನ್ನೂ, ಅಂಡಾಶಯದ ಋತುವ್ಯತ್ಯಾಸಗಳನ್ನೂ ಕುರಿತು ಹತ್ತಾರು ವರ್ಷ ನಡೆದ ಶ್ರಮದ ಫಲವೆಲ್ಲವೂ ಬಟ್ರಾಕಸ್ ಎಂಬ ಹೆಸರಿನಲ್ಲಿ ಅಚ್ಚಾಯಿತು. ಶ್ರಮವು ಸಾಚಾ, ಚೀಟಿ ಮಾತ್ರ ಬೇರೆ ಮೀನಿನದು.

೧೯೮೭ರಲ್ಲಿ ಟ್ಯೂಗೆಲ್ಸ್ ಮತ್ತು ರಾಬರ್ಟ್ಸ್ ಎಂಬ ಇಬ್ಬರು ವಿದ್ವಾಂಸರು ಲಿನ್ನೇಯಸನ ಬಟ್ರಾಕಸ್ ಮೀನಿನ ಮೂಲಮಾದರಿಯು ಮತ್ತೆ ದೊರೆಯಿತೆಂದು ಲಂಡನ್ನಿನ ಲಿನ್ನೇಯಸ್ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ನಿಜವಾಗಿದ್ದರೆ ವಿವಾದವು ಅಲ್ಲಿಗೆ ತೀರುತ್ತಿತ್ತು. ೨೦೦೮ರಲ್ಲಿ ಸಿಂಗಪುರದ ಹಿಯೋಕ್ ಹೀ ಎಂಗ್ ಮತ್ತು ಸ್ವಿಟ್ಜರ್ಲೆಂಡಿನ ಮಾರಿಸ್ ಕೊಟ್ಟೆಲಾ ಎಂಬವರು ಅದೇ ಸಂಘದ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ಪುನಃ ಎತ್ತಿದರು. ದೊರೆತ ಮೀನು ಲಿನ್ನೇಯಸನ ವರ್ಣನೆಗೆ ಆಧಾರವಾಗಿದ್ದುದೆಂಬುದಕ್ಕೆ ಪ್ರಮಾಣವಿಲ್ಲ, ಆದುದರಿಂದ ಅದಕ್ಕೆ ಮಾದರಿಯ ಪದವಿಯು ಸಲ್ಲದು ಎಂದು ಅವರು ತೋರಿಸಿದರು. ಮಾದರಿಯಿಲ್ಲ, ವರ್ಣನೆಯು ಹಲವು ಮೀನುಗಳಿಗೆ ಒಪ್ಪುತ್ತದೆ, ಸ್ಥಳವು ಎರಡು ಖಂಡಗಳಷ್ಟು ಅಗಲ: ಇಂಥ ಹೆಸರನ್ನು ಹಾಗೆಯೇ ಬಿಟ್ಟರೆ ಇಷ್ಟಬಂದವರು ಇಷ್ಟಬಂದ ಮೀನಿಗೆ ಹಚ್ಚುವರು. ಆದಕಾರಣ ಜಾವಾದ್ವೀಪದ ಮೀನೊಂದನ್ನು ಬಟ್ರಾಕಸ್ ಎಂಬುದಕ್ಕೆ ನವಮಾದರಿಯಾಗಿ ಅವರು ನೇಮಿಸಿದರು.

ಈ ನೇಮಕವು ಕೇವಲ ದಫ್ತರದ ಕೆಲಸವೆಂದು ತೋರಬಹುದು, ಪರಿಣಾಮವು ಹಾಗಿಲ್ಲ. ನವಮಾದರಿಯು ಭಾರತದಿಂದ ಆಯ್ದುದಾಗಿದ್ದರೆ ಬಟ್ರಾಕಸ್ ಎಂಬುದು ಭಾರತದ ಮೀನಿಗೇ ಶಾಶ್ವತವಾಗಿ ನಿಂತು, ಮಾಗುರ್ ಎಂಬ ಹೆಸರು ಎಂದಿಗೂ ಏಳದಂತೆ ಮುಳುಗಿಹೋಗುತ್ತಿತ್ತು; ಜಾವಾದ ಮೀನಿಗೆ ಬೇರೆ ಹೆಸರನ್ನು ಹುಡುಕಬೇಕಾಗುತ್ತಿತ್ತು. ಜಾವಾದಿಂದ ಆಯ್ದ ಕಾರಣ ಬಟ್ರಾಕಸ್ ಅಲ್ಲಿಗೆ ಸೇರಿತು. ಭಾರತದ ಮೀನು ಅದರಿಂದ ಬೇರೆಯೆಂದು ಸಿದ್ಧವಾದುದರಿಂದ, ಅದಕ್ಕೆ ಸಲ್ಲುವ ಅತ್ಯಂತ ಹಳೆಯ ಹೆಸರಾದ ಮಾಗುರ್ ೧೮೬ ವರ್ಷಗಳ ಮೇಲೆ ತನ್ನ ಹಕ್ಕನ್ನು ಮರಳಿ ಪಡೆಯಿತು. ಸಯಾಮು ಮತ್ತು ಅದರ ನೆರೆಯ ದೇಶಗಳ ಮೀನೂ, ಮಲಯ ಸುಮಾತ್ರ ಬೋರ್ನಿಯೊಗಳ ಮೀನೂ ಜಾವಾದ ಮೀನಿನಿಂದ ಭಿನ್ನವೆಂದು ಕಂಡುಬಂದು, ಆ ಲೇಖನದಲ್ಲಿ ಅವುಗಳನ್ನು ಹೊಸ ಹೆಸರಿಲ್ಲದೆ ಬಟ್ರಾಕಸ್‌ಗೆ ಸಮೀಪವಾದವು ಎಂದಷ್ಟೇ ಸೂಚಿಸಲಾಯಿತು. ಒಂದೆಂದು ತಿಳಿದಿದ್ದುದು ನಾಲ್ಕಾಯಿತು. ಅಮೆರಿಕದ ಫ್ಲಾರಿಡ ಪ್ರಾಂತದಲ್ಲಿ ೧೯೬೦ರ ದಶಕದಲ್ಲಿ ಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡು ರಸ್ತೆಗಳನ್ನು ದಾಟುತ್ತ ಜನರನ್ನು ಬೆರಗುಗೊಳಿಸಿದ ‘ನಡೆಯುವ ಮೀನು’ ಸಯಾಮಿನಿಂದ ತಂದುದಾದ್ದರಿಂದ, ಅದೂ ಸಹ ನಿಜವಾದ ಬಟ್ರಾಕಸ್ ಅಲ್ಲವೆಂದಾಯಿತು.

ಬಾಹ್ಯಲಕ್ಷಣಗಳಿಂದ ಮಾಡಿದ ಈ ವಿಭಾಗವನ್ನು ಬೇರೆ ಬಗೆಯ ಪ್ರಮಾಣಗಳು ಬಲಪಡಿಸುತ್ತವೆ. ಜೀವಕೋಶದ ಒಳಗಿರುವ ವರ್ಣತಂತುಗಳನ್ನು ಎಣಿಸಿದಾಗ ಭಾರತದ ಮಾಗೂರಿನಲ್ಲಿ ೫೦ ಇರುತ್ತವೆ. ಬಟ್ರಾಕಸ್ ಎಂಬ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಸಯಾಮಿನ ಮೀನಿನಲ್ಲಿಯಾದರೋ ಅವು ಸುಮಾರು ೧೦೦. ಒಂದೇ ಪ್ರಭೇದದಲ್ಲಿ ಇಷ್ಟು ಅಂತರವಿರಲಾರದು. ಹೆಸರನ್ನು ನಂಬಿ ಎಣಿಕೆಯನ್ನು ಸಂದೇಹಿಸುವುದಕ್ಕಿಂತ ಎಣಿಕೆಯನ್ನು ನಂಬಿ ಹೆಸರನ್ನು ಸಂದೇಹಿಸುವುದು ನ್ಯಾಯವಾಗಿತ್ತು. ಇದಲ್ಲದೆ, ೨೦೦೩ರಿಂದ ಈಚೆಗೆ ಪ್ರಾಣಿಗಳನ್ನು ಗುರುತಿಸಲು ಡಿ.ಎನ್.ಎ.ಯ ಒಂದು ಗೊತ್ತಾದ ತುಣುಕನ್ನು ಓದುವ ಪದ್ಧತಿಯು ಬಳಕೆಗೆ ಬಂದಿದೆ. ಜೀವಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳೊಳಗಿನ ಸುಮಾರು ೬೫೦ ಅಕ್ಷರಗಳಷ್ಟು ಉದ್ದದ ಈ ತುಣುಕು ಒಂದೇ ಪ್ರಭೇದದ ಮೀನುಗಳಲ್ಲಿ ಬಹುಮಟ್ಟಿಗೆ ಒಂದೇ ಆಗಿದ್ದು, ಬೇರೆ ಪ್ರಭೇದಕ್ಕೆ ಹೋದರೆ ಸ್ಪಷ್ಟವಾಗಿ ಬದಲಾಗುತ್ತದೆ. ರೆಕ್ಕೆಯ ತುದಿಯ ಚೂರೊಂದು ಸಿಕ್ಕಿದರೆ ಸಾಕು, ಮೀನನ್ನು ಕೊಲ್ಲದೆಯೇ ಪರೀಕ್ಷೆ ನಡೆಯುವುದು.

ಈ ಪದ್ಧತಿಯಿಂದ ಎಲ್ಲವೂ ತಾನಾಗಿಯೇ ನಿರ್ಣಯವಾಗುವುದೆಂದು ಹಲವರು ತಿಳಿದಿರುವರು. ಅದು ಸರಿಯಲ್ಲ. ಡಿ.ಎನ್.ಎ.ಯ ಓದು ಈ ಮೀನು ಆ ಮೀನಿನಿಂದ ಬೇರೆಯೆಂದು ಹೇಳಬಲ್ಲುದೇ ಹೊರತು, ಯಾವುದರ ಹೆಸರು ಯಾವುದೆಂದು ಹೇಳಲಾರದು. ಹೆಸರು ಬರುವುದು ಮಾದರಿಯಿಂದ. ಪರೀಕ್ಷಿಸಿದ ತುಣುಕನ್ನು ಸಾರ್ವಜನಿಕ ಭಂಡಾರದಲ್ಲಿ ಹೋಲಿಸಿ ನೋಡಿದಾಗ ಬಟ್ರಾಕಸ್ ಎಂಬ ಉತ್ತರ ಬಂದರೆ, ಆ ಹೆಸರನ್ನು ಭಂಡಾರಕ್ಕೆ ಒಪ್ಪಿಸಿದವನು ಯಾವ ಗ್ರಂಥವನ್ನು ನೋಡಿ ಮೀನನ್ನು ಗುರುತಿಸಿದನೆಂಬುದು ಮುಖ್ಯವಾಗುತ್ತದೆ. ಹಳೆಯ ಗ್ರಂಥವನ್ನು ನೋಡಿ ಭಾರತದ ಮೀನಿಗೆ ಬಟ್ರಾಕಸ್ ಎಂದು ಬರೆದವನ ತಪ್ಪು, ಯಂತ್ರದ ಬಾಯಿಂದ ಹೊರಟಾಗ ಪ್ರಮಾಣವಾಕ್ಯದಂತೆ ಕೇಳಿಸುವುದು. ಇದರ ಜೊತೆಗೆ ಇನ್ನೊಂದು ಮಿತಿಯೂ ಉಂಟು. ಮೈಟೊಕಾಂಡ್ರಿಯಗಳು ತಾಯಿಯಿಂದ ಮಾತ್ರ ಬರತಕ್ಕವು. ಎರಡು ಪ್ರಭೇದಗಳನ್ನು ಕೂಡಿಸಿ ಹುಟ್ಟಿಸಿದ ಮಿಶ್ರಸಂತಾನವನ್ನು ಈ ತುಣುಕಿನಿಂದ ಪರೀಕ್ಷಿಸಿದರೆ ಅದು ತಾಯಿಯ ಪ್ರಭೇದವನ್ನೇ ಹೇಳುವುದು. ತಂದೆಯ ಸುಳಿವೇ ಸಿಗದು. ಸಯಾಮಿನಲ್ಲಿ ಎರಡು ಕ್ಲೇರಿಯಾಸ್ ಪ್ರಭೇದಗಳ ಮಿಶ್ರಸಂತಾನವನ್ನೇ ಹೆಚ್ಚಾಗಿ ಸಾಕುತ್ತಾರೆಂಬುದನ್ನು ನೆನೆದರೆ ಈ ಮಿತಿಯು ಅಲ್ಪವಾದುದಲ್ಲವೆಂದು ತಿಳಿಯುವುದು. ಅಳತೆಗೋಲು, ಸೂಕ್ಷ್ಮದರ್ಶಕ, ಹಳೆಯ ಜಾಡಿ, ಹಳೆಯ ಗ್ರಂಥ ಇವುಗಳಲ್ಲಿ ಯಾವುದನ್ನೂ ಬದಿಗಿಡುವಂತಿಲ್ಲ.

ಹೆಸರು ಯಾವುದಾದರೇನು, ಮೀನು ಮೀನೇ ಅಲ್ಲವೇ ಎಂದು ಕೇಳುವವರುಂಟು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಕೆಂಪು ಪಟ್ಟಿಯಲ್ಲಿ ಬಟ್ರಾಕಸ್ ಎಂಬುದನ್ನು ಚಿಂತೆಗೆ ಕಾರಣವಿಲ್ಲದ ಪ್ರಭೇದಗಳೊಡನೆಯೂ, ಮಾಗುರ್ ಎಂಬುದನ್ನು ವಿನಾಶದ ಅಪಾಯಕ್ಕೀಡಾದ ಪ್ರಭೇದಗಳೊಡನೆಯೂ ಸೇರಿಸಲಾಗಿದೆ. ಎರಡೂ ಒಂದೇ ಹೆಸರಿನಲ್ಲಿದ್ದಾಗ ಪೂರ್ವದೇಶಗಳ ಸಮೃದ್ಧಿಯು ಗಂಗಾ ಬ್ರಹ್ಮಪುತ್ರಾ ಬಯಲುಗಳ ಕ್ಷಯವನ್ನು ಮುಚ್ಚಿಹಾಕುತ್ತಿತ್ತು. ಜೌಗುನೆಲಗಳು ಬತ್ತಿಯೋ ತುಂಬಿಸಲ್ಪಟ್ಟೋ ಹೋಗಿ, ಮಾಗೂರು ಅಪರೂಪವಾಗುತ್ತಿದ್ದರೂ ಪಟ್ಟಿಯಲ್ಲಿ ಅದು ಕಾಣಿಸಲು ಆಸ್ಪದವೇ ಇರಲಿಲ್ಲ. ಬಿಹಾರವು ಮಾಗೂರನ್ನು ತನ್ನ ರಾಜ್ಯಮತ್ಸ್ಯವಾಗಿ ಆರಿಸಿಕೊಂಡಿದೆ. ಯಾವ ಮೀನನ್ನು ಕಾಯಬೇಕೆಂಬುದು ಗೊತ್ತಾಗದೆ ಇಂಥ ಗೌರವದಿಂದ ಮೀನಿಗೆ ಆಗುವ ಲಾಭ ಕಡಿಮೆ.

ಸಾಕಣೆಯವರ ಪಾಡು ಇನ್ನೂ ತೊಡಕಿನದು. ಮಾಗೂರು ಕಟ್ಟಿಹಾಕಿದ ಕೊಳದಲ್ಲಿ ಸುಲಭವಾಗಿ ಮೊಟ್ಟೆಯಿಡದು. ಹೆಣ್ಣಿಗೆ ಹಾರ್ಮೋನಿನ ಚುಚ್ಚುಮದ್ದನ್ನು ಕೊಟ್ಟು ಮೊಟ್ಟೆಗಳನ್ನು ಹಿಂಡಿ ತೆಗೆಯಬೇಕು. ಗಂಡಿನಿಂದ ವೀರ್ಯವು ಹಾಗೆ ಬಾರದಾದ್ದರಿಂದ ಅದನ್ನು ಕೊಯ್ದು ವೃಷಣವನ್ನು ತೆಗೆಯಬೇಕಾಗುವುದು. ಮರಿಗಳು ಬೆಲೆಯುಳ್ಳವಾಗಿರುವುದು ಇದರಿಂದಲೇ. ಈ ಅವಕಾಶವನ್ನು ಹಿಡಿದು ಪೇಟೆಗೆ ನುಗ್ಗಿದುದು ಆಫ್ರಿಕದ ಕ್ಲೇರಿಯಾಸ್ ಗ್ಯಾರಿಪೈನಸ್. ಬುಕನನ್ನನು ಮಾಗೂರಿಗೆ ಹೆಸರಿಟ್ಟ ೧೮೨೨ರಲ್ಲಿಯೇ ಬರ್ಚೆಲ್ ಎಂಬವನು ದಕ್ಷಿಣ ಆಫ್ರಿಕದ ಗ್ಯಾರಿಪ್ ನದಿಯ ಹೆಸರಿನಿಂದ ಈ ಮೀನನ್ನು ಕರೆದುದು ಒಂದು ಸೋಜಿಗ. ಮಾಗೂರು ಒಂದೂವರೆ ಅಡಿಯನ್ನು ಮೀರುವುದು ಅಪರೂಪ. ಗ್ಯಾರಿಪೈನಸ್ ಒಂದು ಮೀಟರಿಗೂ ಮಿಗಿಲಾಗಿ ಬೆಳೆಯುವುದು, ಸಿಕ್ಕಿದುದನ್ನೆಲ್ಲ ತಿನ್ನುವುದು, ಮಳೆಗಾಲದಲ್ಲಿ ಕೊಳದಿಂದ ಹೊಳೆಗೆ ಸೇರಿ ದೇಶೀಯ ಮೀನುಗಳನ್ನು ನುಂಗುವುದು. ಭಾರತದಲ್ಲಿ ಅದರ ಸಾಕಣೆಯು ನಿಷಿದ್ಧವಾಗಿದೆ. ಆದರೂ ಪೇಟೆಯಲ್ಲಿ ಅದಕ್ಕೆ ‘ಥಾಯ್ ಮಾಗೂರು’ ಎಂದು ಹೆಸರು. ಮಾರುವವನಿಗೆ ಅನುಕೂಲವಾದಾಗ ಮೊದಲ ಪದವು ಬಿಟ್ಟುಹೋಗಿ ಮಾಗೂರು ಮಾತ್ರ ಉಳಿಯುವುದು. ಮರಿಗಳು ಬೆರಳುದ್ದವಿರುವಾಗ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಸುಲಭವಲ್ಲ. ಕಿವಿರಿನ ಕಮಾನಿನ ಒಳಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಿರುವ ಕಡ್ಡಿಗಳು ದೊಡ್ಡ ಗ್ಯಾರಿಪೈನಸ್ ಮೀನಿನಲ್ಲಿ ಬಹು ಒತ್ತಾಗಿಯೂ ಉದ್ದವಾಗಿಯೂ ಇರುತ್ತವೆಂಬುದು ನಂಬತಕ್ಕ ಗುರುತು. ಆದರೆ ಕೊಳಕ್ಕೆ ಮರಿ ಬಿಡುವವನಿಗೆ ಅಷ್ಟು ದಿನ ಕಾಯಲಾಗದು. ಇಂಥಲ್ಲಿ ಪ್ರಭೇದನಿರ್ಣಯವು ನ್ಯಾಯಸ್ಥಾನದ ಸಾಕ್ಷ್ಯವಾಗುವುದು. ಕಾಯಿದೆಯಲ್ಲಿ ಬರೆದ ಹೆಸರಿಗೂ ತೊಟ್ಟಿಯಲ್ಲಿರುವ ಮೀನಿಗೂ ನಂಟು ಸಂದೇಹಾಸ್ಪದವಾದರೆ ಕಾಯಿದೆಯು ನಿಲ್ಲದು.

ಒಂದು ಹೆಸರಿನಲ್ಲಿ ಹಲವು ಮೀನುಗಳು ಅಡಗಿದ್ದುದು ಇದಾದರೆ, ಒಂದು ಮೀನು ಎರಡು ಹೆಸರುಗಳನ್ನು ಹೊತ್ತುದಕ್ಕೆ ಉದಾಹರಣೆಯು ಕೃಷ್ಣಾನದಿಯ ಜಲಾಶ್ರಯದಲ್ಲಿಯೇ ಇದೆ. ಗಿರ್ಲು ಮೀನಿನ ಬಂಧುವಾದರೂ ಅದಕ್ಕಿಂತ ಬಹು ದೊಡ್ಡದಾದ ಮೀಸೆಮೀನೊಂದನ್ನು ೧೯೬೪ರಲ್ಲಿ ರೋಸೆಲ್ ಎಂಬ ಜರ್ಮನ್ ಶಾಸ್ತ್ರಜ್ಞನು ಮೇಡೆಲಿ ಎಂಬ ಹೆಸರಿನಿಂದ ವರ್ಣಿಸಿದನು. ೧೯೮೮ರಲ್ಲಿ ರಾಮಕೃಷ್ಣಯ್ಯ ಎಂಬ ಭಾರತೀಯ ಶಾಸ್ತ್ರಜ್ಞರು ಕೃಷ್ಣೆಯ ಮೀನನ್ನು ಪರೀಕ್ಷ್ಯವಾಗಿ ಅಭ್ಯಸಿಸಿ, ಕೃಷ್ಣೆನ್ಸಿಸ್ ಎಂದು ನಾಮಕರಣ ಮಾಡಿದರು. ಎರಡೂ ಒಂದೇ ಎಂದು ತರುವಾಯ ತಿಳಿದುಬಂದು, ಅಗ್ರಾಧಿಕಾರದಂತೆ ಹೆಮಿಬ್ಯಾಗ್ರಸ್ ಮೇಡೆಲಿ ಎಂಬುದು ನಿಂತಿತು. ನದಿಯ ಹೆಸರು ಮೀನಿನಿಂದ ಬಿಟ್ಟುಹೋದುದು ವಿಷಾದಕರವಾದರೂ ನಿಯಮವು ನಿಯಮವೇ. ಮಾಗೂರಿಗೆ ಅನುಕೂಲವಾದ ನಿಯಮವೇ ಇಲ್ಲಿ ಪ್ರತಿಕೂಲವಾಯಿತು.

ಕನ್ನಡನಾಡಿನ ಕ್ಲೇರಿಯಾಸ್ ಮೀನುಗಳ ವಿಷಯವು ಇನ್ನೂ ವಿಚಾರಾರ್ಹವಾಗಿದೆ. ತುಳುನಾಡಿನವರು ಮುಗುಡು ಎಂದು ಕರೆಯುವ ಮೀನು ಈ ಕುಲದ್ದೇ. ಮಾಗುರ್ ಪ್ರಭೇದದ ಸಹಜವಾದ ನೆಲೆಯು ಗಂಗಾ ಬ್ರಹ್ಮಪುತ್ರಾ ನದಿಗಳ ಬಯಲು. ಪಶ್ಚಿಮಘಟ್ಟದ ಕಡೆಯ ನೀರುಗಳಿಗೆ ಸಹಜವಾದುದು ವ್ಯಾಲೆನ್ಸಿಯೆನ್ನನ ಡುಸುಮಿಯೇರಿ. ಬಿ. ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರು ಕಡೂರು ಜಿಲ್ಲೆಯ ಮೀನುಗಳನ್ನು ಕುರಿತು ೧೯೪೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದಂದಿನಿಂದ ಈ ಪ್ರಾಂತದ ನದಿಗಳ ಮೀನುಗಳ ಪಟ್ಟಿಗಳು ಅನೇಕವಾಗಿ ಸಿದ್ಧವಾಗಿವೆ. ೨೦೦೮ಕ್ಕೆ ಹಿಂದಿನ ಯಾವುದೇ ಪಟ್ಟಿಯಲ್ಲಿ ಕ್ಲೇರಿಯಾಸ್ ಬಟ್ರಾಕಸ್ ಎಂದಿದ್ದರೆ ಅದಕ್ಕೆ ಮೂರು ಅರ್ಥಗಳು ಸಾಧ್ಯ: ಅದು ದೇಶೀಯವಾದ ಡುಸುಮಿಯೇರಿ ಆಗಿರಬಹುದು; ಉತ್ತರದಿಂದ ಸಾಕಣೆಗೆಂದು ತಂದು ಬಿಟ್ಟ ಮಾಗುರ್ ಆಗಿರಬಹುದು; ಅಥವಾ, ಪಟ್ಟಿಯು ಈಚಿನದಾದರೆ, ಕೊಳದಿಂದ ತಪ್ಪಿಸಿಕೊಂಡ ಗ್ಯಾರಿಪೈನಸ್ ಮರಿಯಾಗಿರಬಹುದು. ಜಾವಾದ ಬಟ್ರಾಕಸ್ ಆಗಿರುವ ಸಂಭವವು ಮಾತ್ರ ಇಲ್ಲವೆನ್ನಬಹುದು. ಮಾದರಿಗಳನ್ನು ಕಾದಿಟ್ಟಿರುವ ಕಡೆ ಜಾಡಿಗಳನ್ನು ಮತ್ತೆ ತೆರೆದು ನೆತ್ತಿಯ ಎಲುಬುಗಳನ್ನೂ ಎದೆಯ ಮುಳ್ಳನ್ನೂ ಪರೀಕ್ಷಿಸಿದರೆ ಹೆಸರನ್ನು ತಿದ್ದಬಹುದು. ಮಾದರಿಯನ್ನಿಡದೆ ಹೆಸರನ್ನಷ್ಟೇ ಬರೆದಿರುವ ಕಡೆ ಅದೇ ಹೊಳೆಯಲ್ಲಿ ಮತ್ತೆ ಬಲೆ ಬೀಸಬೇಕು. ಅಲ್ಲಿಯವರೆಗೆ ಆ ಸಾಲಿನಲ್ಲಿ ಕ್ಲೇರಿಯಾಸ್ ಎಂಬ ಕುಲನಾಮವನ್ನು ಮಾತ್ರ ಉಳಿಸಿ, ಪ್ರಭೇದದ ಸ್ಥಳವನ್ನು ಖಾಲಿ ಬಿಡುವುದು ಲೇಸು.